ಬೋರಿಂಗಿಗೆ ಇಟ್ಟ ಕುಂಕುಮ

ಸಿಂಚನಾ, ಧನುಷ್, ಈ ನಿಮ್ಮಜ್ಜಿ ನಗುವಾಗ ಯಾಕೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ ಎಂದು ಮೊನ್ನೆ ಕೇಳಿದಿರಿ. ನಾಚಿಕೆ ಅಂದೆ. ಅದು ಅರ್ಧ ನಿಜ. ಉಳಿದರ್ಧ ಬಾಯಲ್ಲಿ ಹೇಳಲು ಆಗಲಿಲ್ಲ, ಬರೆಯುತ್ತಿದ್ದೇನೆ.

ಆಗೆಲ್ಲ ಜಾವಗಲ್ ಹತ್ತಿರದ ನಮ್ಮೂರಲ್ಲಿ ಕುಡಿಯುವ ನೀರೆಂದರೆ ತೆಂಗಿನ ತೋಟದಾಚೆಯ ಸೇದುವ ಬಾವಿ. ಹಗ್ಗಕ್ಕೆ ಪಾಚಿ ವಾಸನೆ, ಅಂಗೈಗೆ ಬೊಬ್ಬೆ. ನಾನು ತಪ್ಪುಹೆಜ್ಜೆ ಇಡುವ ವಯಸ್ಸಿನಲ್ಲಿ ಮನೆ ಮುಂದೆಯೇ ಕೈಪಂಪಿನ ಬೋರಿಂಗು ಬಂತಂತೆ. ಅವ್ವನ ಸೊಂಟಕ್ಕೆ ಜೀವ ಬಂತು. ಆ ನೀರಲ್ಲಿ ಬೇಳೆ ಬೇಯಲು ಎರಡು ಪಟ್ಟು ಸೌದೆ ಬೇಕಾಗುತ್ತಿತ್ತು, ಆದರೂ ಯಾರೂ ಗೊಣಗಲಿಲ್ಲ. ಹಾಲುಹಲ್ಲು ಬಿದ್ದು ನನಗೆ ಬಂದ ಹೊಸ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. "ಸರಿಯಾಗಿ ಉಜ್ಜಲ್ಲ ಕಣೇ ನೀನು" ಎಂದು ಅವ್ವ ಬೈಯುತ್ತಿದ್ದಳು. ಇಟ್ಟಿಗೆ ಪುಡಿ ಹಾಕಿ ವಸಡಲ್ಲಿ ರಕ್ತ ಬರುವವರೆಗೆ ಉಜ್ಜುತ್ತಿದ್ದೆ. ಗೆರೆ ಹೋಗಲಿಲ್ಲ. ಕೈ ಬಾಯಿಗೆ ಹೋಗಿದ್ದು ಆವಾಗಿನಿಂದ.

ನನ್ನ ತಂಗಿ ಸರ್ವಿ, ನಿಮ್ಮ ಸಣ್ಣಜ್ಜಿ, ಬೋರಿಂಗು ಬಂದ ಮೇಲೆ ಹುಟ್ಟಿದವಳು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ. ಒಂದೇ ಕಾಲಲ್ಲಿ ಎಂಟೂ ಮನೆ ದಾಟಿ, ತಿರುಗಿ ನಿಂತು ನಮ್ಮನ್ನು ಅಣಕಿಸುತ್ತಿದ್ದಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದ ಮಧ್ಯಾಹ್ನ, ಹಿಂದೊಮ್ಮೆ ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗಿದ್ದ ಆಫೀಸಿನವನು ಸೈಕಲ್ಲಲ್ಲಿ ಬಂದು ಬೋರಿಂಗಿನ ತಲೆಗೆ ಕೆಂಪು ಬಣ್ಣ ಬಳಿದ. ನಾವು ಆಟ ನಿಲ್ಲಿಸಿ ನೋಡಿದೆವು. "ಇದು ಕುಡಿಯೋಕಲ್ಲಮ್ಮ, ಬಟ್ಟೆ ಒಗೆಯೋಕೆ ಮಾತ್ರ. ಮನೇಲಿ ಹೇಳ್ಬಿಡು" ಎಂದು ನನಗೆ ಹೇಳಿ ಹೊರಟೇ ಹೋದ. ನಾನು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದೆ.

ಸಂಜೆ ಹೇಳಬೇಕೆಂದು ಅವ್ವನ ಹಿಂದೆ ಸುತ್ತಿದೆ. ಅಷ್ಟರಲ್ಲಿ ನಮ್ಮಜ್ಜಿ ಕೆಂಪು ಕಂಡು ಬೀದಿಯ ಹೆಂಗಸರನ್ನೆಲ್ಲ ಕರೆದಳು. "ನೋಡ್ರೇ, ಸರ್ಕಾರದೋರೇ ಗಂಗಮ್ಮಂಗೆ ಕುಂಕುಮ ಇಟ್ಟವ್ರೆ. ನಮಗೇ ಬುದ್ಧಿ ಬರಲಿಲ್ಲ." ಹಬ್ಬದ ಗಂಗೆ ತರಲಷ್ಟೇ ಹಳೇ ಬಾವಿಗೆ ಹೋಗುತ್ತಿದ್ದವರು, ಆ ವರ್ಷ ಪೂಜೆ ಬೋರಿಂಗಿಗೇ ಎಂದು ತೀರ್ಮಾನಿಸಿದರು.

ಹಬ್ಬದ ದಿನ ಪಂಪಿಗೆ ಅರಿಸಿನ ಹಚ್ಚಿ, ಸೇವಂತಿಗೆ ಸುತ್ತಿ, ಕೆಂಪು ಬಣ್ಣದ ಮೇಲೆ ಕುಂಕುಮ ಇಟ್ಟರು. ಕರ್ಪೂರದ ಹೊಗೆ, ಒಳಗಿನಿಂದ ಕಾಯಿಕಡುಬಿನ ಘಮ. ನಮ್ಮಜ್ಜಿ ಮೊದಲ ತಂಬಿಗೆ ತುಂಬಿ ಮಕ್ಕಳಿಗೆ ತೀರ್ಥ ಕೊಡುತ್ತಾ ಬಂದಳು. ಸರ್ವಿ ಕೈಯೊಡ್ಡಿದಾಗ ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು, "ಕುಡೀಬಾರ್ದಂತೆ ಅಜ್ಜಿ" ಅಂದೆ.

"ಹಬ್ಬದ ದಿನ ಎಂಥಾ ಮಾತಾಡ್ತೀಯೇ? ಯಾರಂದ್ರು?"

ಬಣ್ಣ ಬಳಿದವರು ಅನ್ನಬೇಕಿತ್ತು. ಬಾಯಿ ತೆರೆದರೆ ಹಲ್ಲು ಕಾಣುತ್ತದೆ. ಪಕ್ಕದ ಮನೆ ಗಿರಿಜಕ್ಕ, "ಹಲ್ಲುಜ್ಜಕ್ಕೆ ಬರಲ್ಲ, ಗಂಗಮ್ಮನ್ನ ಹಳೀತಾಳೆ" ಅಂದಳು. ಎಲ್ಲರೂ ನಕ್ಕರು. ನಾನು ಕೈ ಬಿಟ್ಟೆ. ಸರ್ವಿ ತೀರ್ಥ ಕುಡಿದು, ಉಳಿದ ಹನಿ ತಲೆಗೆ ಒರೆಸಿಕೊಂಡಳು.

ಆ ಒಂದು ಗುಟುಕಿನಿಂದ ಏನೂ ಆಗುತ್ತಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಬಾವಿಯನ್ನು ಯಾರೂ ತಿರುಗಿ ನೋಡಲಿಲ್ಲ. ವರ್ಷಗಟ್ಟಲೆ ಅದೇ ನೀರು ಕುಡಿದೆವು. ಹಲ್ಲು, ಮೂಳೆ ಎರಡನ್ನೂ ಕೆಡಿಸುವ ಫ್ಲೋರೈಡ್ ಆ ನೀರಲ್ಲಿದೆ ಎಂಬ ಮಾತು ನಮ್ಮೂರಿಗೆ ಬರುವ ಹೊತ್ತಿಗೆ ಸರ್ವಿಯ ಮಂಡಿಗಳು ಒಂದಕ್ಕೊಂದು ತಾಗಲು ಶುರುವಾಗಿ ಎಷ್ಟೋ ಕಾಲ ಆಗಿತ್ತು.

ನನಗೆ ಈಗಲೂ ಸಿಟ್ಟು ಬರುವುದು ನಮ್ಮಜ್ಜಿಯ ಮೇಲಲ್ಲ. ಆ ಆಫೀಸಿನವನ ಡಬ್ಬದಲ್ಲಿ ಬಣ್ಣವಿತ್ತು, ಕೈಯಲ್ಲಿ ಬ್ರಷ್ಷಿತ್ತು. ಎರಡಕ್ಷರ ಬರೆಯಲು ಏನಾಗಿತ್ತು? ಬರೆದಿದ್ದರೆ ನಾನೇ ಓದಿ ತೋರಿಸುತ್ತಿದ್ದೆ. ಓದಲು ಬಾರದಿದ್ದರೂ ಬರೆದ ಮಾತಿಗೆ ಬೆಲೆ ಕೊಡುವವಳು ನಮ್ಮಜ್ಜಿ. ಹೋದ ಹಬ್ಬಕ್ಕೆ ಊರಿಗೆ ಹೋದರೆ ಶುದ್ಧ ನೀರಿನ ಘಟಕಕ್ಕೆ ಬೀಗ. ಯಾಕೆ, ಎಲ್ಲಿಯವರೆಗೆ ಎಂದು ಒಂದು ಚೀಟಿಯೂ ಇಲ್ಲ. ಹೆಂಗಸರು ಬೋರಿನ ನಲ್ಲಿಯಲ್ಲೇ ಕೊಡ ತುಂಬುತ್ತಿದ್ದರು.

ಎಂಟು ಮನೆ ಹಾರುತ್ತಿದ್ದ ಸರ್ವಿ ಈಗ ಗೋಡೆ ಹಿಡಿದು ಹೊಸಿಲು ದಾಟುತ್ತಾಳೆ. ನಾನು ಸೆರಗು ಇಳಿಸಿ ನಗುತ್ತಿದ್ದುದು ನಿಮ್ಮ ತಾತನ ಮುಂದೆ ಮಾತ್ರ. ಅವರೂ ಹೋದರು.

ಈ ಹಾಳೆಗಳನ್ನು ನೀರು ತಾಕದ ಕಡೆ ಜೋಪಾನವಾಗಿಡಿ, ಮಕ್ಕಳೇ. ಅಂದು ನುಂಗಿಕೊಂಡದ್ದನ್ನು ಅಕ್ಷರದಲ್ಲಿ ಬರೆದಿದ್ದೇನೆ. ಇದನ್ನು ಯಾರೂ ಕುಂಕುಮ ಅಂದುಕೊಳ್ಳಲಾರರು.