ಸಿಲ್ಕ್ ಕೋಟು

ಅಬ್ಬಾನ ಗಡ್ಡ ಹತ್ತಿಯ ಹಾಗೆ ಬೆಳ್ಳಗಿತ್ತು, ತುದಿ ಮಾತ್ರ ಕಪ್ಪು. ಬೇಕೆಂದು ಬಣ್ಣ ಹಚ್ಚಿಕೊಂಡದ್ದಲ್ಲ. ಡಾಂಬರಿನ ಅಂಗಳಕ್ಕೆ ಕರಿ ಲೇಪ ಬಳಿದು ಮುಗಿಸಿ, ಬಗ್ಗಿ ಬೆರಳಿನಿಂದ ಮುಟ್ಟಿ ನೋಡುವುದು, ಆಮೇಲೆ ಅದೇ ಬೆರಳುಗಳಿಂದ ಗಡ್ಡ ನೀವಿಕೊಳ್ಳುತ್ತಾ ಯೋಚಿಸುವುದು ಅವರ ಅಭ್ಯಾಸ. ಅದನ್ನು ತೆಗೆಯಲು ಅಮ್ಮಿ ಕೊಬ್ಬರಿ ಎಣ್ಣೆ ಹಿಡಿದು ಬೆನ್ನು ಹತ್ತುತ್ತಿದ್ದರು. “ವಯಸ್ಸಾದೋರು ಗಡ್ಡಕ್ಕೆ ಮೆಹಂದಿ ಹಚ್ಕೋತಾರೆ, ಈ ಮನುಷ್ಯ ಟಾರು ಹಚ್ಕೋತಾನಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಅಬ್ಬಾಗೆ ಅದೂ ಒಂದು ಹೊಗಳಿಕೆ.

ಮೊದಲು ಅವರು ಲಾರಿ ಮೆಕ್ಯಾನಿಕ್. ಚಳ್ಳಕೆರೆಯ ಎಣ್ಣೆ ಗಿರಣಿಗಳ ಮುಂದೆ ಲಾರಿಯ ಕೆಳಗೆ ಅಂಗಾತ ಮಲಗಿ ಮಲಗಿ ಅವರಿಗೆ ಲಾರಿಗಿಂತ ನೆಲದ ಚಿಂತೆ ಹತ್ತಿತು. ಸೋರಿದ ಆಯಿಲು ಡಾಂಬರನ್ನು ಹೇಗೆ ತಿನ್ನುತ್ತದೆ, ನಮ್ಮೂರ ಬಿಸಿಲು ಅದನ್ನು ಹೇಗೆ ಬೂದಿ ಬಣ್ಣಕ್ಕೆ ತಿರುಗಿಸಿ ಬಿರುಕು ಬಿಡಿಸುತ್ತದೆ ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. “ಡಾಂಬರು ಬೆಳ್ಳಗಾಯ್ತು ಅಂದ್ರೆ ಅದಕ್ಕೆ ಬಾಯಾರಿಕೆ ಆಗೈತೆ ಅಂತ ಅರ್ಥ. ಗುಂಡಿ ಬಿದ್ಮೇಲೆ ಮುಚ್ಚೋದು ಯಾರ್ ಬೇಕಾದ್ರೂ ಮಾಡ್ತಾರೆ. ಬೀಳ್ದಂಗೆ ನೋಡ್ಕೊಳ್ಳೋನು ನಾನು!” ಎಂದು ಎದೆ ತಟ್ಟಿಕೊಳ್ಳುವರು. ವಿನಯ ಎಂಬುದು ಅವರ ಹತ್ತಿರ ಸುಳಿದದ್ದನ್ನು ನಾನಂತೂ ಕಾಣೆ.

ಈ ಕೆಲಸಕ್ಕೆ ಸೀಲ್ ಕೋಟ್ ಎಂದು ಹೆಸರು. ಅಬ್ಬಾಗೆ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಮೊಳಕಾಲ್ಮೂರಿನ ಒಂದು ಸೀರೆ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ. ರೇಷ್ಮೆ ನೇಯುವ ಊರಿನ ಕಿವಿಗೆ ‘ಸೀಲ್’ ಎಂಬುದು ‘ಸಿಲ್ಕ್’ ಆಗಿ ಬೀಳದೆ ಇನ್ನೇನು? “ಸಿಲ್ಕ್ ಕೋಟಾ? ಬಾಗುಂದಿ ಸಾಯಬ್ರೇ, ಹಾಕ್ರಿ ಹಾಕ್ರಿ!” ಎಂದು ತೆಲುಗು ಬೆರೆಸಿ ಮೆಚ್ಚಿದರಂತೆ ಅಂಗಡಿಯ ಯಜಮಾನರು. ಅಬ್ಬಾ ತಿದ್ದಲಿಲ್ಲ. ಊರಿಗೆ ಬಂದವರೇ ‘ಇಲ್ಲಿ ಸಿಲ್ಕ್ ಕೋಟು ಹಾಕಲಾಗುವುದು’ ಎಂದು ಬೋರ್ಡು ಬರೆಸಿದರು. ಕೊಂಡ್ಲಹಳ್ಳಿಯ ಒಬ್ಬ ಅಜ್ಜಿ ಅದನ್ನು ಯಾರಿಂದಲೋ ಓದಿಸಿಕೊಂಡು, ಮದುವೆ ಗೊತ್ತಾದ ಮೊಮ್ಮಗನನ್ನು ಎಳೆದುಕೊಂಡು ಬಂದಿತ್ತು. “ಇವನ ಅಳತೆ ತಗಳ್ರಿ ಸಾಯಬ್ರೇ” ಎಂದಿತು. “ನಾವು ನೆಲಕ್ಕೆ ಹಾಕೋರು ಕಣವ್ವ. ಮೊಮ್ಮಗನ್ನ ಅಂಗಳದಾಗೆ ಮಲಗ್ಸು, ಅವನಿಗೂ ಎರಡು ಕೈ ಬಳಿದು ಕಳಿಸ್ತೀನಿ” ಎಂದು ಅಬ್ಬಾ ಚಹಾ ಕುಡಿಸಿ ಕಳಿಸಿದರು.

ಕೆಲಸದಲ್ಲಿ ಮಾತ್ರ ಈ ನಗೆಯಾಟ ನಡೆಯುತ್ತಿರಲಿಲ್ಲ. ಕಸ ಗುಡಿಸಿ, ಆಯಿಲಿನ ಕಲೆ ಉಜ್ಜಿ, ಬಿರುಕು ತುಂಬಿ, ಆಮೇಲೆ ಉದ್ದನೆಯ ಕೋಲಿಗೆ ಕಟ್ಟಿದ ರಬ್ಬರ್ ಪಟ್ಟಿಯಿಂದ ಕರಿ ದ್ರವವನ್ನು ತೆಳ್ಳಗೆ ಎಳೆಯಬೇಕು. ಉಳ್ಳಾರ್ತಿ ಕಾವಲಿನ ಕಡೆಯಿಂದ ಧೂಳು ಗಾಳಿ ಎದ್ದರೆ ಕೆಲಸ ಬಂದ್. ಮುಗಿದ ಮೇಲೆ ಸುತ್ತ ಹಗ್ಗ ಕಟ್ಟುವುದು. ಕೋಟು ಪೂರ್ತಿ ಒಣಗುವವರೆಗೆ ಹಗ್ಗದೊಳಗೆ ನರಪಿಳ್ಳೆಯೂ ಕಾಲಿಡುವಂತಿಲ್ಲ.

ಈ ಹಗ್ಗ ನನ್ನ ಮದುವೆಯನ್ನೇ ಮುರಿಯುವುದರಲ್ಲಿತ್ತು. ಮಗಳ ನಿಕಾಹ್ ದಿನ ಅಂಗಳ ಫಳಫಳ ಹೊಳೆಯಬೇಕೆಂದು ಅಬ್ಬಾ ಹಿಂದಿನ ದಿನ ಶಾದಿಮಹಲಿನ ಮುಂದೆ ತಾವೇ ನಿಂತು ಕೋಟು ಹಾಕಿಸಿದ್ದರು. ಹಾಳಾದ್ದು, ವರ್ಷವೆಲ್ಲ ಸುಡುವ ನಮ್ಮೂರ ಬಿಸಿಲು ಅವತ್ತೇ ಮೋಡದ ಹಿಂದೆ ಅಡಗಬೇಕೇ! ಬೆಳಿಗ್ಗೆ ಮೊಳಕಾಲ್ಮೂರಿನಿಂದ ಗಂಡಿನ ಕಡೆಯ ಕಾರುಗಳು ಬಂದವು. ಅಬ್ಬಾ ಹೊಸ ಬಟ್ಟೆಯಲ್ಲೇ ಬಗ್ಗಿ ನೆಲ ಮುಟ್ಟಿದರು. ಬೆರಳು ಕಪ್ಪಾಯಿತು.

“ಗಾಡಿ ಬೀದೀಲೇ ನಿಲ್ಸಿ, ಹಿಂದಿನ್ ಬಾಗ್ಲಿಂದ ಬರ್ರಿ,” ಎಂದರು.

“ದುಲ್ಹಾ ಹಿತ್ಲಿಂದ ಬರಬೇಕಾ? ಬೇಇಜ್ಜತಿ ಮಾಡ್ತೀರೇನ್ರಿ? ಹಗ್ಗ ಬಿಚ್ಚಿ, ಇಲ್ಲಾಂದ್ರೆ ವಾಪಸ್ ಹೋಗ್ತೀವಿ!” ಎಂದು ಗಂಡಿನ ಸೋದರಮಾವ ಗುಡುಗಿದರು.

ನಾನು ಮೇಲಿನ ಕಿಟಕಿಯಲ್ಲಿ ಮದುಮಗಳ ಬಟ್ಟೆಯಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಬಿಚ್ಚಬಾರದೇ ಮಾರಾಯ, ಒಂದು ಹಗ್ಗ! ಅಮ್ಮಿ ಅಳುವುದಕ್ಕೇ ಶುರು ಮಾಡಿದ್ದರು. ಅಬ್ಬಾ ಕೈ ಜೋಡಿಸಿದರು, ಹಗ್ಗಕ್ಕೆ ಮಾತ್ರ ಕೈ ಹಾಕಲಿಲ್ಲ.

“ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ. ಕೋಟು ತುಳಿಯೋಕೆ ಬಿಡಲ್ಲ. ಮಗಳು ನಾಳೆ ನಿಮ್ಮನೇಲಿ ಇರ್ತಾಳೆ, ಈ ಅಂಗಳ ಊರೆಲ್ಲ ನೋಡೋ ಹಂಗೆ ಇಲ್ಲೇ ಬಿದ್ದಿರ್ತೈತೆ. ನನ್ನ ಮಗಳ ಮದ್ವೇಲಿ ನಾನೇ ಹಗ್ಗ ಬಿಚ್ಚಿದ್ರೆ, ಇನ್ಮೇಲೆ ಯಾರಿಗೆ ಯಾವ್ ಬಾಯಲ್ಲಿ ಕಾಯ್ರಿ ಅನ್ಲಿ?”

ಆಗ ಕಾರಿನ ಬಾಗಿಲು ತೆರೆದು ಮದುಮಗನೇ ಇಳಿದರು. “ಆಯ್ತು ಬಿಡ್ರಿ. ಹಿಂದಿನ್ ಬಾಗ್ಲು ಎಲ್ಲೈತೆ, ತೋರ್ಸ್ರಿ,” ಎಂದರು. ರೇಷ್ಮೆ ಶೇರ್ವಾನಿ ತೊಟ್ಟು, ಬಿರಿಯಾನಿ ಹಂಡೆಗಳ ನಡುವೆ, ಈರುಳ್ಳಿ ಸಿಪ್ಪೆ ದಾಟಿಕೊಂಡು ನಿಕಾಹಿಗೆ ಬಂದರು. ಸಿಲ್ಕ್ ಕೋಟು ತೊಟ್ಟವನನ್ನು ಅಬ್ಬಾ ಸಿಲ್ಕ್ ಕೋಟಿನ ಮೇಲೆ ಕಾಲಿಡಲು ಬಿಡಲಿಲ್ಲ ಎಂದು ಅವರ ಮನೆಯಲ್ಲಿ ಈಗಲೂ ನಗುತ್ತಾರೆ. ಅವತ್ತು ನನಗೆ ನಗು ಬರಲಿಲ್ಲ. ಬೀಳ್ಕೊಡುವಾಗ ಅಬ್ಬಾನ ಮುಖ ನೋಡದೆ ಕಾರು ಹತ್ತಿದೆ.

ಮದುವೆಯ ನಂತರ ಮೊದಲ ಸಲ ತವರಿಗೆ ಬಂದಾಗ ಅಬ್ಬಾ ನನ್ನನ್ನು ಸೀದಾ ಶಾದಿಮಹಲಿನ ಮುಂದೆ ನಿಲ್ಲಿಸಿದರು. ಗೇಟಿನಿಂದ ಮೆಟ್ಟಿಲವರೆಗೆ ಒಂದೇ ಸಮ ಕಪ್ಪು, ಒಂದು ಗೀರಿಲ್ಲ. “ನೋಡು” ಎಂದರು, ಅಷ್ಟೇ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಇಂಥವನ ಮಗಳು ನಾನು ಎಂದು ಎದೆ ಉಬ್ಬಿತು. ಮುಂದೆ ಅವರ ಮಂಡಿ ಕೈಕೊಟ್ಟಾಗ ಅಳಿಯ ಮಗಳಿಬ್ಬರೂ ಚಳ್ಳಕೆರೆಗೇ ಬಂದು ನೆಲೆಸಿದೆವು. ರಬ್ಬರ್ ಪಟ್ಟಿಯ ಕೋಲು ನನ್ನ ಕೈಗೆ ಬಂತು. “ಹೆಣ್ಮಗಳು ಟಾರು ಬಳೀತಾಳಾ?” ಎಂದವರಿಗೆ ಅಬ್ಬಾ, “ನನಗಿಂತ ತೆಳ್ಳಗೆ ಎಳೀತಾಳೆ, ಕಣ್ಣಿದ್ರೆ ನೋಡ್ರಿ” ಎನ್ನುತ್ತಿದ್ದರು.

ಕಳೆದ ವರ್ಷ ನಮ್ಮ ಮೊಹಲ್ಲಾದ ಮಸೀದಿಯ ಅಂಗಳದ ಕೆಲಸ ಒಪ್ಪಿಕೊಂಡಿದ್ದಾಗ ಅಬ್ಬಾ ಹಾಸಿಗೆ ಹಿಡಿದಿದ್ದರು. ಕೆಲಸ ಮುಂದಕ್ಕೆ ಹಾಕುತ್ತೇನೆ ಎಂದರೆ ಸಿಟ್ಟಾದರು. “ನಾನೇನ್ ಓಡಿ ಹೋಗ್ತೀನಾ? ಬಿಸಿಲು ಐತೆ, ಹೋಗು.” ಸಂಜೆ ಬಂದು ನನ್ನ ಕಪ್ಪು ಬೆರಳು ತೋರಿಸಿದೆ. ಅದನ್ನು ಹಿಡಿದುಕೊಂಡು, “ಹಗ್ಗ ಕಟ್ಟಿದ್ಯಾ?” ಎಂದು ಕೇಳಿದರು. ಕಟ್ಟಿದ್ದೇನೆ ಎಂದೆ. ಬೆಳಗಿನ ಅಜಾನ್ ಹೊತ್ತಿಗೆ ಅಬ್ಬಾ ಇರಲಿಲ್ಲ.

ಅಬ್ಬಾನ ಮೈ ತೊಳೆಸಿ ಹೊರಗೆ ಬಂದ ನನ್ನ ಗಂಡ, “ಗಡ್ಡದ ತುದಿ ಬೆಳ್ಳಗಾಗ್ಲಿಲ್ಲ” ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಡೆತಡೆದು ಕೇಳಿದರು: “ಜನಾಜಾ ಹೊತ್ಕೊಂಡು ಕೊನೇ ನಮಾಜಿಗೆ ಮಸೀದಿ ಒಳಗೆ ಹೋಗ್ಬೇಕು. ಕೋಟು ಇನ್ನೂ ಹಸಿ ಐತೆ. ಹಿರಿಯರು ನಿನ್ನ ಕೇಳ್ಕೊಂಡ್ ಬಾ ಅಂದ್ರು. ಹಗ್ಗ ಬಿಚ್ಚೋದಾ?”

ಅಳು ಒತ್ತರಿಸಿ ಬರುತ್ತಿತ್ತು. ಆದರೂ ಬಾಯಿಂದ ಬಂದದ್ದು ಅಬ್ಬಾನ ಮಾತೇ.

“ಬಿಚ್ಬೇಡಿ. ಹಿಂದಿನ್ ಬಾಗ್ಲಿಂದ ಕರ್ಕೊಂಡ್ ಹೋಗಿ.”

ಅಂದು ಹಂಡೆಗಳ ನಡುವೆ ನಡೆದು ಬಂದ ಅಳಿಯನೇ ಮುಂದಿನ ಹೆಗಲು ಕೊಟ್ಟರು. ಅಬ್ಬಾ ಹಿಂದಿನ ಬಾಗಿಲಿನಿಂದಲೇ ಒಳಗೆ ಹೋದರು. ಹಗ್ಗದೊಳಗೆ ಒಂದು ಹೆಜ್ಜೆಯೂ ಬೀಳಲಿಲ್ಲ.