ಬರಂ, ಬರಂಗಿಲ್ಲ

ನಮ್ಮ ಪಕ್ಷದ ಜಿಲ್ಲಾ ಕಾರ್ಯದರ್ಶಿಗೆ ಕನ್ನಡ ಬರುವುದಿಲ್ಲ. ನನಗೆ ಸಿಟ್ಟು ಬಂದಾಗ ಮರಾಠಿ ಬರುವುದಿಲ್ಲ. ಜಗಳ ಶುರುವಾದದ್ದೇ ಅಲ್ಲಿಂದ.

ಕೊಲ್ಲಾಪುರದಲ್ಲಿ ಎರಡು ದಿನದ ಅಧಿವೇಶನ ಎಂದು ಗೊತ್ತಾದ ಕೂಡಲೇ ನಾನು ಹೇಳಿಬಿಟ್ಟಿದ್ದೆ, ಗಡಹಿಂಗ್ಲಜದ ಮನೆಯಿಂದಲೇ ಮೊಬೈಲಿನಲ್ಲಿ ಕೂಡುತ್ತೇನೆ ಎಂದು. ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಬಲಗಡೆಯ ಸ್ವಾಧೀನ ಹೋಗಿದೆ. ಮಾತೂ ಹೋಗಿದೆ. ಉಳಿದಿರುವುದು ಒಂದೇ ಶಬ್ದ: "ಇಲ್ಲ." ಚಹಾ ಬೇಕೇನ್ರೀ ಎಂದರೆ "ಇಲ್ಲ" ಎನ್ನುತ್ತಾ ಎಡಗೈ ಚಾಚುತ್ತಾರೆ. ನೀರು ಕುಡಿಯುವಾಗ ಕೆಮ್ಮು ಹತ್ತಿದರೆ ಬೆನ್ನ ಹಿಂದೆ ಯಾರಾದರೂ ಇರಲೇಬೇಕು. ಅವರನ್ನು ಬಿಟ್ಟು ಎರಡು ದಿನ ಹೋಗುವುದು ಆಗದ ಮಾತು.

ಆದರೆ ನಾನು ತಾಲೂಕಿನ ಹೆಣ್ಣುಮಕ್ಕಳ ಪ್ರತಿನಿಧಿ. ಅಧಿವೇಶನಕ್ಕೆ ಹಾಜರಾಗದ ಪ್ರತಿನಿಧಿ ಜಾಗ ಕಳೆದುಕೊಳ್ಳುತ್ತಾರೆ. ಆ ಜಾಗ ನನಗೆ ಯಾರೂ ಉಡಿಯಲ್ಲಿ ತುಂಬಿ ಕೊಟ್ಟದ್ದಲ್ಲ. ಮಳೆಗಾಲದಲ್ಲಿ ಪಕ್ಕದ ಚಂದಗಡದ ಕೊನೆಯ ವಾಡಿಗಳವರೆಗೆ ಕೆಸರು ತುಳಿದಿದ್ದೇನೆ. ಆದರೂ ಪಕ್ಷದಲ್ಲಿ ಇವತ್ತಿಗೂ ನನ್ನನ್ನು ಎಲ್ಲರೂ 'ವಹಿನಿ' ಎನ್ನುತ್ತಾರೆ, ಅಂದರೆ ಅತ್ತಿಗೆ. ಯಜಮಾನರು ಮೊದಲು ಸದಸ್ಯರಾದವರು, ನಾನು ಅವರ ಹೆಂಡತಿ, ಆದ್ದರಿಂದ ಇಡೀ ಜಿಲ್ಲೆಗೇ ಅತ್ತಿಗೆ. ಅವರೂ ಪ್ರತಿನಿಧಿಯೇ. ಲಕ್ವಾ ಹೊಡೆದ ಮೇಲೆ ಅವರ ಹೆಸರನ್ನು ಯಾರೂ ತೆಗೆಯಲಿಲ್ಲ, ಅವರ ಅಭಿಪ್ರಾಯವನ್ನು ಯಾರೂ ಕೇಳಲೂ ಇಲ್ಲ.

ಒಂದು ಮುಂಜಾನೆ ಕಾರ್ಯದರ್ಶಿಯ ಫೋನು ಬಂತು. ಇನ್ನು ಮುಂದೆ ಪ್ರತಿನಿಧಿಗಳೆಲ್ಲ ಸಭಾಗೃಹಕ್ಕೇ ಬರಬೇಕು ಎಂದು ಠರಾವು ಮಾಡುತ್ತೇವೆ, "ಚಾಲೇಲ ನಾ, ವಹಿನಿ?" ಎಂದರು, ನಡೆಯುತ್ತದಲ್ಲ ಎಂದು. ಅದೇ ಹೊತ್ತಿಗೆ ಯಜಮಾನರಿಗೆ ಕೆಮ್ಮು ಹತ್ತಿತು. ಒಂದು ಕೈಯಲ್ಲಿ ಇವರ ಬೆನ್ನು ತಿಕ್ಕುತ್ತಾ, ನೆತ್ತಿಗೇರಿದ ಸಿಟ್ಟಿನಲ್ಲಿ ನಾನು ಕನ್ನಡದಲ್ಲೇ ಒದರಿದೆ:

"ನಾ ಬರಂಗಿಲ್ರೀ!"

ಹಾಳಾದ ಲೈನು 'ಬರಂ' ಎಂಬಲ್ಲಿಗೆ ಕಡಿದುಹೋಯಿತು. ಮರಾಠಿಯಲ್ಲಿ 'ಬರಂ' ಎಂದರೆ 'ಆಯಿತು, ಒಳ್ಳೆಯದು'. ಅವರು ಸಂತೋಷದಿಂದ ನನ್ನ ಹೆಸರಿನ ಮುಂದೆ ಒಪ್ಪಿಗೆ ಎಂದು ಬರೆದುಕೊಂಡರು.

ನಾಲ್ಕು ದಿನದ ಮೇಲೆ ಯಾರ ಬಾಯಿಂದಲೋ ಇದು ಗೊತ್ತಾಯಿತು. ನನ್ನ 'ಇಲ್ಲ'ವನ್ನು ನುಂಗಿ ನೀರು ಕುಡಿದಿದ್ದಾರೆ ಎನ್ನಿಸಿ ಮೈಯೆಲ್ಲ ಉರಿಯಿತು. ಇಚಲಕರಂಜಿಯಲ್ಲಿ ಕಾರ್ಯಕಾರಿಣಿಯ ಸಭೆ ಇತ್ತು. ಆಜರಾದಲ್ಲಿರುವ ತಂಗಿಯನ್ನು ಕರೆಸಿ ಇವರ ಹತ್ತಿರ ಕೂರಿಸಿ, ಎಸ್.ಟಿ. ಬಸ್ಸು ಹತ್ತಿದೆ.

ಜಿಲ್ಲಾಧ್ಯಕ್ಷರು ಇಚಲಕರಂಜಿಯವರೇ, ನೂಲಿನ ವ್ಯಾಪಾರಿ, ನಮ್ಮ ಹಾಗೆ ಕನ್ನಡ ಮಾತಾಡುವ ಜೈನ ಹಿರಿಯರು. ಸಭೆ ಅವರ ಅಂಗಡಿಯ ಮಾಳಿಗೆಯ ಮೇಲೆ. ಪಕ್ಕದ ಗೋಡೆಯಾಚೆ ಮಗ್ಗಗಳು ಖಟಖಟ ಬಡಿಯುತ್ತಿದ್ದವು.

"ಇದಕ್ಕs ನಾ ಹೇಳೂದು," ಎಂದರು ಅಧ್ಯಕ್ಷರು. "ಫೋನಿನ್ಯಾಗ ಒಂದ್ ಹೇಳಿದ್ರ ಇನ್ನೊಂದ್ ಕೇಳತೈತಿ. ಎದುರಾ ಎದುರ ಕುಂತ್ರ ಅದರ ಗತ್ತs ಬ್ಯಾರೆ. ಮಾತ್ ಸ್ವಚ್ಛ ಕೇಳತೈತಿ."

"ಫೋನಿಂದ್ ತಪ್ಪಿಲ್ರೀ ಅಣ್ಣಾರ," ಎಂದೆ. "ಅರ್ಧಾ ಕೇಳಿದವ್ರು ತಿರಗಿ ಫೋನ್ ಹಚ್ಚಿ ಕೇಳಬೇಕಿತ್ತು."

"ಆಂ?" ಎಂದರು ಅಧ್ಯಕ್ಷರು, ಕಿವಿಗೆ ಅಂಗೈ ಹಿಡಿದು. "ಏನಂದ್ರಿ?"

ಮಗ್ಗದ ಸದ್ದಿನಲ್ಲಿ ಎದುರಾ ಎದುರ ಕೂತ ಅವರಿಗೆ ಒಂದಕ್ಷರ ಕೇಳಿಸಿರಲಿಲ್ಲ! ನಾನು ನಕ್ಕುಬಿಟ್ಟೆ. ಕಾರ್ಯದರ್ಶಿಯೂ ನಕ್ಕರು. ಅಧ್ಯಕ್ಷರು ಮಾತ್ರ ನಗಲಿಲ್ಲ.

"ಇವತ್ತ ಇಲ್ಲೀತನಕಾ ಬಂದೀರಲ್ಲ, ವಹಿನಿ. ಕೊಲ್ಲಾಪುರಕ್ಕ ಬರಾಕ ಏನಾಗೇತಿ?"

"ನಮ್ಮ ತಂಗಿ ತನ್ನ ಅಂಗಡಿ ಬಾಗಲಾ ಹಾಕಿ ಬಂದ್ ಕುಂತಾಳ್ರೀ. ಎರಡ್ ದಿನಾ ಯಾರ್ ಕೂಡ್ತಾರ? ನೀವ್ ಬಂದ್ ಕೂಡ್ತೀರೇನು?"

ಅವರು ಕೆಮ್ಮಿ, ಚಹಾ ತರಿಸಿದರು. ಕೊನೆಗೆ ಆದ ತೀರ್ಮಾನ ಹೀಗಿತ್ತು: ಈ ಸಲ ಪ್ರಯೋಗಕ್ಕೆಂದು, ಬಾರದವರು ಮೊಬೈಲಿನಲ್ಲಿ ನೋಡಬಹುದು, ಕೇಳಿಕೊಂಡರೆ ಮಾತಾಡಲೂಬಹುದು, ಆದರೆ ಕೈ ಎತ್ತುವ ಹಾಗಿಲ್ಲ. ಮುಂದಿನ ಸಲದಿಂದ ಅದೂ ಇಲ್ಲ. ಆ ಠರಾವನ್ನು ಕೊಲ್ಲಾಪುರದ ಅಧಿವೇಶನದಲ್ಲೇ ಮಂಜೂರು ಮಾಡಿಸುವುದು. ಅದು ಮಂಜೂರಾದರೆ ನನ್ನ ಕಥೆ ಮುಗಿಯಿತು. ಯಜಮಾನರನ್ನು ನೋಡಿಕೊಳ್ಳಬೇಕು, ಇಲ್ಲವೇ ಪ್ರತಿನಿಧಿಯಾಗಿರಬೇಕು, ಎರಡರಲ್ಲಿ ಒಂದು ಆರಿಸಿಕೋ ಎಂದ ಹಾಗೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಅತ್ತದ್ದು ಸೋತಿದ್ದಕ್ಕಲ್ಲ, ಸಿಟ್ಟಿಗೆ.

ಅಧಿವೇಶನದ ಮೊದಲ ದಿನ ಮೊಬೈಲನ್ನು ಖಾರದಪುಡಿ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಇವರನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಅಂಗಿ ತೊಡಿಸಿದೆ. ಮೊದಲರ್ಧ ದಿನ ಫೇಟಾ ಸುತ್ತುವುದರಲ್ಲಿ, ಹಾರ ಹಾಕುವುದರಲ್ಲಿ ಹೋಯಿತು. ಕ್ಯಾಮೆರಾದ ಮುಂದೆ ಒಬ್ಬರ ಹೆಗಲು ಅಡ್ಡ ನಿಂತಿತ್ತು, ನಾನು ಬಹಳ ಹೊತ್ತು ಆ ಹೆಗಲನ್ನೇ ನೋಡಿದೆ. ಮಧ್ಯಾಹ್ನ ಹೆಚ್ಚಿನವರು ತಾಂಬಡಾ ರಸ್ಸಾ, ಪಾಂಢರಾ ರಸ್ಸಾ, ಅಂದರೆ ಮಾಂಸದ ಕೆಂಪು ಸಾರು, ಬಿಳಿ ಸಾರು, ಉಂಡು ಬಂದು ಕುರ್ಚಿಗೆ ಒರಗಿದರು. ಸಭಾಗೃಹದಲ್ಲಿ ಹಾಜರಿರುವುದು ಎಂದರೆ ಇದೇ ಏನು? ನಾನು ಮಾತಾಡಬೇಕು ಎಂದು ಕೇಳಿದಾಗಲೆಲ್ಲ "ನಂತರ, ವಹಿನಿ" ಎಂದರು. ಠರಾವು ಓದುವ ಹೊತ್ತಿಗೆ ನಾನು ಯಾರನ್ನೂ ಕೇಳದೆ ನನ್ನ ಮೈಕು ತೆರೆದಿಟ್ಟೆ.

ನಮ್ಮ ಪಕ್ಷದಲ್ಲಿ ನಿಯಮ ಬದಲಿಸಲು ಏಕಮತ ಬೇಕು. ಏಕಮತ ಎಂದರೆ ಚಪ್ಪಾಳೆ. ಅಧ್ಯಕ್ಷರು "ಮಂಜೂರ?" ಎನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಆಯಿತು. ಈ ಸಲವೂ "ಮಂಜೂರ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ ಬಂತು:

"ಇಲ್ಲ!"

ಸಭಾಗೃಹದ ದೊಡ್ಡ ಸ್ಪೀಕರುಗಳಲ್ಲಿ ಆ ಶಬ್ದ ಗುಡುಗಿತು. ಕೊಲ್ಲಾಪುರದವರಿಗೆ ಬೇರೆ ಕನ್ನಡ ಬಾರದಿದ್ದರೂ ಅಷ್ಟು ಕನ್ನಡ ಬರುತ್ತದೆ. ಏಳುತ್ತಿದ್ದ ಚಪ್ಪಾಳೆ ಅಲ್ಲಲ್ಲೇ ನಿಂತಿತು.

"ಯಾರ್ರೀ ಅದು?" ಎಂದರು ಅಧ್ಯಕ್ಷರು, ಮೇಲೆ ಕೆಳಗೆ ನೋಡುತ್ತಾ.

"ಗಡಹಿಂಗ್ಲಜ!" ಎಂದೆ. "ಮಂಜೂರ್ ಇಲ್ರೀ. ಕೈ ಎತ್ತಬ್ಯಾಡ್ರಿ ಅಂದಿದ್ರಿ, ಎತ್ತಿಲ್ಲ, ಬಾಯಿಲೆ ಹೇಳೇವಿ. ನಾವೂ ಹಾಜರ್ ಅದೇವಿ. ನೀವ್ ಕೇಳಿದ್ದು ನಮಗ ಕೇಳಿಸೇತಿ, ನಾವ್ ಹೇಳಿದ್ದು ನಿಮಗ ಕೇಳಿಸೇತಿ. ಹಾಜರಿ ಅಂದ್ರ ಇನ್ನೇನು?"

ಸಭಾಗೃಹದ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಅಧ್ಯಕ್ಷರು ಫೇಟಾ ತೆಗೆದು ಬೆವರು ಒರೆಸಿಕೊಂಡು, ಏಕಮತವಿಲ್ಲ, ಠರಾವನ್ನು ಮುಂದಿನ ಅಧಿವೇಶನಕ್ಕೆ ಇಡೋಣ ಎಂದರು.

ಇವರು ಬೇಕೆಂದೇ ಹಾಗೆಂದರೋ, ಚಹಾ ಕೇಳಿದರೋ ನನಗೆ ಗೊತ್ತಿಲ್ಲ. ಬೇಕಂತ ಅಂದ್ರೇನ್ರೀ ಎಂದು ಕೇಳಿದರೂ ಬರುವ ಉತ್ತರ "ಇಲ್ಲ" ಎಂದೇ. ಆದರೆ ಎಡಗೈ ಚಾಚಿರಲಿಲ್ಲ. ಅದನ್ನು ನಾನು ನೋಡಿದ್ದೇನೆ.

ಅಧಿವೇಶನ ಮುಗಿದ ಮರುದಿನ ಕಾರ್ಯದರ್ಶಿಯ ಫೋನು ಬಂತು. ವರದಿ ಬರೆಯುತ್ತಿದ್ದೇನೆ ವಹಿನಿ, ವಿರೋಧ ಒಂದು, ನಿಮ್ಮದು, ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಆ ದಿನ ನನಗೆ ಸಿಟ್ಟು ಇರಲಿಲ್ಲ, ಆದ್ದರಿಂದ ಮರಾಠಿ ಚೆನ್ನಾಗಿ ಬಂತು. ಒಂದಲ್ಲ, ಎರಡು ಎಂದೆ. ಮೊದಲನೆಯ ದನಿ ನನ್ನದಲ್ಲ, ಅದೂ ಒಬ್ಬ ಪ್ರತಿನಿಧಿಯದೇ, ನೀವೇ ಕೇಳಿ ಎಂದು ಸ್ಪೀಕರ್ ಹಾಕಿ ಮೊಬೈಲನ್ನು ಯಜಮಾನರ ಮುಂದೆ ಹಿಡಿದೆ.

ಕಾರ್ಯದರ್ಶಿ, ಲಕ್ವಾ ಹೊಡೆದ ಮೇಲೆ ಪಕ್ಷದವರು ಯಾರೂ ಕೇಳದಿದ್ದುದನ್ನು, ಮೆಲ್ಲಗೆ ಕೇಳಿದರು:

"ದಾದಾ, ಠರಾವ್ ಮಾನ್ಯ ಆಹೇ ಕಾ?" ಅಣ್ಣಾ, ಠರಾವು ಒಪ್ಪಿಗೆಯೇ ಎಂದು.

"ಇಲ್ಲ," ಎಂದರು ಇವರು.

ಲೈನು ಕಡಿಯಲಿಲ್ಲ.

"ಬರಂ," ಎಂದರು ಕಾರ್ಯದರ್ಶಿ.