ಅಜ್ಜಿಯ ಹಣೆಯ ವಿಭೂತಿ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ತುಮಕೂರಿನ ಮರಳೂರಿನಲ್ಲಿ ನಮ್ಮ ಬೀದಿಗೆ ಬೀದಿಯೇ ಸೊಗಡು ನಾರುತ್ತಿತ್ತು. ನಾರುತ್ತಿತ್ತು ಅಂದರೂ ನಮಗೆ ಅದೇ ಪರಿಮಳ. ತೊಂಬತ್ತರ ದಶಕದ ಕೊನೆ. ನನಗೆ ಒಂಬತ್ತು ವರ್ಷ. ಮಧ್ಯಾಹ್ನ ಮೂರು ಗಂಟೆಗೆ ಪಕ್ಕದ ಮನೆಯ ಗಿರಿಜಕ್ಕ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಬಂದು ನಮ್ಮ ಜಗುಲಿಯ ಮೇಲೆ ಕೂರುತ್ತಿದ್ದಳು. ಅಮ್ಮನೂ ತನ್ನ ಪಾತ್ರೆ ತರುತ್ತಿದ್ದಳು. ಇಬ್ಬರೂ ಕಾಳು ಹಿತಕಿ ಸಿಪ್ಪೆ ಬಿಡಿಸುತ್ತಾ, ಬೇಳೆ ಚಿಮ್ಮಿ ನನ್ನ ಕುಂಟೆಬಿಲ್ಲೆಯ ಗೆರೆಯೊಳಗೆ ಬಿದ್ದರೆ ನಗುತ್ತಾ ಒಂದು ಗಂಟೆ ಕಳೆಯುತ್ತಿದ್ದರು. ಇಡೀ ದಿನದಲ್ಲಿ ಅಮ್ಮ ನಗುತ್ತಿದ್ದದ್ದು ಆ ಒಂದು ಗಂಟೆ ಮಾತ್ರ.

ಮಿಕ್ಕ ಹೊತ್ತೆಲ್ಲ ಅಜ್ಜಿಯದು. ಅಪ್ಪನ ತಾಯಿ, ನಿಟ್ಟೂರಿನಿಂದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಬಂದ ಹೊಸದರಲ್ಲಿ ಕನ್ನಡಕ ಮರೆಯುತ್ತಿದ್ದಳು. ಆಮೇಲೆ ಬಚ್ಚಲು ಯಾವ ಕಡೆ ಎಂಬುದು ಮರೆಯಿತು, ಕೊನೆಗೆ ಅಮ್ಮನ ಹೆಸರೂ ಮರೆಯಿತು. ಅದೊಂದು ಕಾಯಿಲೆ ಎಂದು ಆಗ ನಮಗಾರಿಗೂ ತಿಳಿದಿರಲಿಲ್ಲ. ಅರಳುಮರಳು ಎಂದು ಎಲ್ಲರೂ ಮಾತು ಮುಗಿಸುತ್ತಿದ್ದರು. ಅಮ್ಮ ಏನಾದರೂ ಹೇಳಲು ಬಾಯಿ ತೆರೆದರೆ, ಶಿರಾ ಗೇಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅಪ್ಪ, "ಮುದುಕರ ಮಾತ್ನ ತಲೆಗೆ ಹಚ್ಕೊಬ್ಯಾಡ, ಬುಡು" ಎಂದು ಪೇಪರ್ ಬಿಡಿಸಿಕೊಳ್ಳುತ್ತಿದ್ದ. ಬಿಡುವುದಕ್ಕೆ ಅಮ್ಮನ ಕೈಯಲ್ಲೇನಿತ್ತು ಎಂದು ನನಗೆ ಇವತ್ತಿಗೂ ಸಿಟ್ಟು.

ನಮ್ಮ ಮನೆಯಲ್ಲಿ ಸ್ನಾನ, ಲಿಂಗಪೂಜೆ ಆಗದೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಏನೆಲ್ಲ ಮರೆತರೂ ಅಜ್ಜಿ ಅದೊಂದನ್ನು ಮರೆತಿರಲಿಲ್ಲ. ಮರೆಯುತ್ತಿದ್ದದ್ದು ಉಂಡದ್ದನ್ನು. ಉಂಡು ಅರ್ಧ ಗಂಟೆಗೆ, "ನಂಗೆ ಯಾರೂ ಉಣ್ಣಾಕೆ ಇಕ್ಕಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಶುರು. ಅಮ್ಮ ಜಗಳವಾಡುತ್ತಿರಲಿಲ್ಲ. ಗೂಡಿನಲ್ಲಿದ್ದ ಕನ್ನಡಿ ತಂದು ಮುಂದೆ ಹಿಡಿಯುತ್ತಿದ್ದಳು. "ಹಣೆ ನೋಡ್ಕೊಳಿ ಅತ್ತೆ. ವಿಭೂತಿ ಐತಲ್ಲ? ಪೂಜೆ ಆಗೈತೆ, ಊಟಾನೂ ಆಗೈತೆ." ಮೂರು ಬಿಳಿ ಪಟ್ಟೆ ಮುಟ್ಟಿ ನೋಡಿಕೊಂಡು ಅಜ್ಜಿ, "ಹಂಗಾರೆ ಉಂಡಿರ್ಬೇಕು ಬುಡು" ಎಂದು ಸುಮ್ಮನಾಗುತ್ತಿದ್ದಳು. ಅಮ್ಮನ ಮಾತು ನಂಬದಿದ್ದರೂ ವಿಭೂತಿಯನ್ನು ನಂಬುತ್ತಿದ್ದಳು.

ನನಗೆ ಮಾತ್ರ ಯಾರನ್ನು ನಂಬಬೇಕೋ ತಿಳಿಯುತ್ತಿರಲಿಲ್ಲ. ನಾನು ಸ್ಕೂಲಿನಲ್ಲಿರುವಾಗ ಅಮ್ಮ ಬರೀ ವಿಭೂತಿ ಹಚ್ಚಿ, ಊಟ ಕೊಡದೆ ಕೂರಿಸುತ್ತಾಳಾ? ಅಮ್ಮ ಅಂಥವಳಲ್ಲ. ಆದರೆ ಅಜ್ಜಿಯೂ ಸುಳ್ಳು ಹೇಳುವವಳಲ್ಲ.

ಒಂದು ಭಾನುವಾರ ಅಜ್ಜಿ ನನ್ನ ಪಕ್ಕದಲ್ಲೇ ಕೂತು ಮುದ್ದೆ, ಹಿತಕಿದ ಬೇಳೆ ಸಾರು ಉಂಡಳು. ಕಣ್ಣಾರೆ ನೋಡಿದೆ. ಆಮೇಲೆ ಅಮ್ಮ ಹಿತ್ತಲಲ್ಲಿ ಅಜ್ಜಿಯ ಸೀರೆ ಒಗೆಯುತ್ತಿದ್ದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಪುಟ್ಟಿ, ಹೊಟ್ಟೆ ಹಸೀತೈತೆ ಕಣವ್ವ, ಬೆಳಗಿಂದ ಏನೂ ತಿಂದಿಲ್ಲ" ಎಂದು ಅತ್ತಳು. ಅದು ನಿಜವಾದ ಕಣ್ಣೀರು. ನಾನು ನೋಡಿದ್ದು ನಿನ್ನೆಯ ಊಟವೋ ಏನೋ ಎಂದು ನನಗೇ ಅನುಮಾನ ಬಂತು. ವಿಭೂತಿ ಇದ್ದರೆ ತಾನೇ ಊಟ ಇಲ್ಲ? ಲಂಗದ ಅಂಚನ್ನು ಚೊಂಬಿನ ನೀರಿನಲ್ಲಿ ಅದ್ದಿ ಅಜ್ಜಿಯ ಹಣೆಯನ್ನು ಚೆನ್ನಾಗಿ ಒರೆಸಿಬಿಟ್ಟೆ. "ಅಳ್ಬೇಡ ಅಜ್ಜಿ, ಈಗ ಅಮ್ಮ ಊಟ ಕೊಡ್ತಾಳೆ" ಅಂದೆ.

ಅಮ್ಮ ಬರುವ ಮೊದಲೇ ಗಿರಿಜಕ್ಕ ಬಂದಳು. ಅವಳ ಮನೆಯಲ್ಲೂ ಪೂಜೆಯಾಗಿ ವಿಭೂತಿ ಹಚ್ಚದೆ ಊಟವಿಲ್ಲ. ಮೂರು ಗಂಟೆಯ ಹೊತ್ತಿಗೂ ಬರೀ ಹಣೆಯಲ್ಲಿ ಅಳುತ್ತಾ ಕೂತ ಮುದುಕಿಯನ್ನು ಕಂಡು ಪಾತ್ರೆ ಹಿಡಿದೇ ನಿಂತಳು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಲ್ಲ ಕಣೇ, ಇಷ್ಟೊತ್ತಾದ್ರೂ ಪೂಜೆಗೆ ಕೂರ್ಸಿಲ್ಲ, ಅನ್ನ ಇಕ್ಕಿಲ್ಲ. ಜನ ಸುಮ್ನೆ ಆಡ್ಕೊತಾರೆ ಅನ್ಕೊಂಡಿದ್ದೆ ನಾನು" ಅಂದಳು ಗಿರಿಜಕ್ಕ.

"ಉಂಡವ್ರೆ ಅಕ್ಕ. ಪುಟ್ಟಿ ಪಕ್ಕದಲ್ಲೇ ಕೂತಿದ್ಲು, ಬೇಕಾದ್ರೆ ಕೇಳಿ" ಅಂದಳು ಅಮ್ಮ.

ಗಿರಿಜಕ್ಕ ನನ್ನ ಕಡೆ ತಿರುಗಿದಳು. "ಅಜ್ಜಿ ಉಂಡ್ರಾ ಪುಟ್ಟಿ?"

ಅಜ್ಜಿಯ ಮುಖ ನೋಡಿದೆ, ಅಮ್ಮನ ಮುಖ ನೋಡಿದೆ. ಹೌದು ಅಂದರೆ ಅಜ್ಜಿಗೆ ಊಟ ಸಿಗುವುದಿಲ್ಲ. ಇಲ್ಲ ಅಂದರೆ ಅಮ್ಮನಿಗೆ ಬೈಗುಳ. "ಗೊತ್ತಿಲ್ಲ" ಅಂದೆ.

ಗಿರಿಜಕ್ಕ ಪಾತ್ರೆ ಸಮೇತ ಹೊರಟುಹೋದಳು. ಆ ಅವರೆ ಕಾಲ ಮುಗಿಯುವವರೆಗೂ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಅಮ್ಮನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅಮ್ಮ ಜಗುಲಿ ಬಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಾಳು ಹಿತಕತೊಡಗಿದಳು. ಒಂದು ದಿನ ಅಜ್ಜಿ ತಾನಾಗಿಯೇ ಬಂದು ಎದುರು ಕೂತು ಪಾತ್ರೆಗೆ ಕೈ ಹಾಕಿದಳು. ಅವಳ ಬೆರಳಿಗೆ ಎಲ್ಲ ನೆನಪಿತ್ತು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮನನ್ನು ದಿಟ್ಟಿಸಿ, "ಯಾರ ಮನೆ ಹೆಣ್ಮಗಳವ್ವ ನೀನು? ಮುಖ ಬಾಡೋಗೈತೆ. ಉಂಡ್ಯಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿ ಅಮ್ಮ ಅತ್ತಳು. ಊಟ ಆಯಿತಾ ಎಂದು ಆ ಮನೆಯಲ್ಲಿ ಇನ್ಯಾರಾದರೂ ಅಮ್ಮನನ್ನು ಕೇಳಿದ್ದು ನನಗೆ ನೆನಪಿಲ್ಲ. ನಾನಂತೂ ಕೇಳಿರಲಿಲ್ಲ.

ಅಜ್ಜಿ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಜಗುಲಿ ಒಡೆಸಿ ಕಾರು ನಿಲ್ಲಿಸಲು ಜಾಗ ಮಾಡಿಕೊಂಡಿದ್ದೇವೆ. ಹಿತಕಿದ ಬೇಳೆ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅದಕ್ಕಾಗಿ ಯಾರೂ ಯಾರ ಮನೆಗೂ ಹೋಗಿ ಕೂರಬೇಕಿಲ್ಲ. ಕಳೆದ ಚಳಿಗಾಲದಲ್ಲಿ ಅಂಥದೊಂದು ಪ್ಯಾಕೆಟ್ ಕತ್ತರಿಸುತ್ತಿದ್ದ ಅಮ್ಮನಿಗೆ, ಅವತ್ತು ವಿಭೂತಿ ಒರೆಸಿದ್ದು ನಾನೇ ಎಂದು ಕೊನೆಗೂ ಹೇಳಿದೆ.

"ಗೊತ್ತಿತ್ತು ಕಣೇ" ಅಂದಳು. "ನಿನ್ನ ಲಂಗದ ಅಂಚೆಲ್ಲ ಬೆಳ್ಳಗಾಗಿತ್ತಲ್ಲ."

"ಮತ್ತೆ ಗಿರಿಜಕ್ಕಂಗೆ ಯಾಕೆ ಹೇಳ್ಲಿಲ್ಲ?"

ಅಮ್ಮ ಬೇಳೆಯನ್ನು ಪಾತ್ರೆಗೆ ಸುರಿದು ನೀರು ಹಾಕಿದಳು. "ಪಕ್ಕದಲ್ಲಿ ಕೂತು ಉಂಡ ನೀನೇ ಗೊತ್ತಿಲ್ಲ ಅಂದ್ಮೇಲೆ, ಅವರಿಗೆ ಏನಂತ ಹೇಳ್ಲಿ?"